ಮೂರು ಬೆರಳು

"ಇನ್ನೊಂದು ಸಲ ಆ ಪುಸ್ತಕವನ್ನ ನನ್ನ ಮುಖದ ಮುಂದೆ ಹಿಡಿದ್ಯೋ, ನೋಡು! ಅದು ಒಲೆಗೆ, ನೀನು ಬೀದಿಗೆ!"

ತೊಮೆ ಮೂಲಂಗಿ ಹೆಚ್ಚುತ್ತಿದ್ದ ಚಾಕುವನ್ನು ಹಲಗೆಯ ಮೇಲೆ ಕುಕ್ಕಿದಳು. ಸೊಸೆ ಮಸುಮಿ ಮಾತ್ರ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕೂತಲ್ಲಿಂದ ಅಲುಗಲಿಲ್ಲ. ಎದೆಗೆ ಅವಚಿಕೊಂಡ ಅವಳ ಕೈಗಳ ನಡುವೆ ಅಂಚು ಸವೆದ, ಜಿಡ್ಡು ಹಿಡಿದ ಸಣ್ಣ ಪುಸ್ತಕವೊಂದಿತ್ತು. ಹತ್ತು ದಿನಗಳಿಂದ ಅದು ಹಗಲೆಲ್ಲ ಅವಳ ಏಪ್ರನ್ನಿನ ಜೇಬಿನಲ್ಲೇ ಇರುತ್ತಿತ್ತು. ಹತ್ತು ದಿನಗಳಿಂದ ಅವಳ ಗಂಟಲಲ್ಲಿ ತುತ್ತು ಸರಿಯಾಗಿ ಇಳಿದಿರಲಿಲ್ಲ.

"ಅತ್ತೆ, ಇವತ್ತು ಚಿಗುಸಾ ಬರ್ತಾಳೆ. ಅವಳಿಗೆ ಹೇಳದೆ ಅವಳ ಮುಖ ಹೇಗೆ ನೋಡ್ಲಿ ನಾನು? ಅವಳ ಕೈ ಹೋಗಿದ್ದು ನನ್ನಿಂದ..."

"ಅವಳ ಕೈ ಹೋಗಿದ್ದು ಆಟದಿಂದ! ಹದಿನೈದು ವರ್ಷ ದೇಶದೇಶ ಸುತ್ತಿ ಚೆಂಡು ಹೊಡೆದ್ರೆ ಯಾರ ಕೈ ಉಳಿಯುತ್ತೆ? ಸುಮ್ನಿರು. ಈ ಮನೇಲಿ ಒಬ್ಬರ ಬಾಯಿ ದೇವರೇ ಮುಚ್ಚಿದಾನೆ. ನಿನ್ನ ಬಾಯಿ ನಾನು ಮುಚ್ಚಬೇಕಾ?"

ಒಳಕೋಣೆಯ ಕಾಗದದ ಬಾಗಿಲು ಅರ್ಧ ತೆರೆದೇ ಇತ್ತು. ಅದರಾಚೆ ರಜಾಯಿ ಹೊದಿಸಿದ ಬಿಸಿಮೇಜಿನ ಮುಂದೆ ಮಾವ ಗೆಂಜೊ ಕೂತಿದ್ದರು. ಅವರ ಬಲಗೈ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ತೊಡೆಯ ಮೇಲೆ ಬಿದ್ದಿತ್ತು. ಅವರಿಗೆ ಎಲ್ಲವೂ ಕೇಳಿಸಿತ್ತು. ಕೇಳಿಸುವುದಕ್ಕೇನೂ ಕೊರತೆ ಇರಲಿಲ್ಲ ಅವರಿಗೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಸೋಯಾ ಹಾಲಿನ ತೋಫು ಮಾರುವ ಹ್ಯೋಸುಕೆಯ ಕೆಮ್ಮು ಕೇಳಿತು. ಆ ಮುದುಕ ಎಲ್ಲ ಮನೆಗಳ ಜಗಳಕ್ಕೂ ಸರಿಯಾದ ಹೊತ್ತಿಗೆ ಬರುವವನು.

"ಸೂಜಿಗಳ ಹಾಸಿಗೆ ತಂದಿದೀನಮ್ಮಾ! ಈ ಸಲ ದೊಡ್ಡ ಗಡ್ಡೇನೇ. ಎಷ್ಟು ಚುಚ್ಚಿದ್ರೂ ಒಡೆಯಲ್ಲ." ಬಟ್ಟಲನ್ನು ಮಸುಮಿಯ ಕೈಗೆ ಕೊಡುತ್ತ ಅವನು ದನಿ ತಗ್ಗಿಸಿದ. "ನಿಮ್ಮತ್ತೆ ನಾಲಿಗೇನೂ ವರ್ಷಕ್ಕೊಂದು ದಿನ ಇದರಲ್ಲಿ ಚುಚ್ಚಿಟ್ರೆ ಬೀದಿಗೆಲ್ಲ ವಿಶ್ರಾಂತಿ."

"ನಂಗೆ ಕಿವಿ ಚೆನ್ನಾಗಿ ಕೇಳಿಸುತ್ತೆ ಹ್ಯೋಸುಕೆ!" ಒಳಗಿನಿಂದ ತೊಮೆ ಕೂಗಿದಳು. "ಹೋದ ವಾರದ ತೋಫು ಹುಳಿ ಹುಳಿ ಇತ್ತು. ಅದಕ್ಕೆ ನಿನ್ನ ನಾಲಿಗೆ ಚುಚ್ಚು!"

ಬೇರೆ ದಿನವಾಗಿದ್ದರೆ ಮಸುಮಿ ನಗುತ್ತಿದ್ದಳು. ಇಂದು ಬಟ್ಟಲಿನ ನೀರಿನಲ್ಲಿ ನಡುಗುತ್ತಿದ್ದ ಆ ಬಿಳಿಯ ಗಡ್ಡೆಯನ್ನು ನೋಡುತ್ತ ನಿಂತುಬಿಟ್ಟಳು.

ಡಿಸೆಂಬರ್ ಎಂಟು. ವರ್ಷವಿಡೀ ಗಟ್ಟಿಯಾದದ್ದನ್ನೇ ತೂರಿ ತೂರಿ ಮುರಿದ, ಬಾಗಿದ ಸೂಜಿಗಳನ್ನು ಅಂದು ಮೆತ್ತನೆಯ ತೋಫುವಿಗೆ ಚುಚ್ಚಿ, ಕೈಮುಗಿದು, ಸಾಕು ಇನ್ನು ಮಲಗಿ ಎನ್ನಬೇಕು. ಯಾವ ಕೈ ಸೂಜಿಯನ್ನು ಹಿಡಿದು ದುಡಿಸಿತ್ತೋ ಆ ಕೈಯೇ ಅದನ್ನು ಚುಚ್ಚಬೇಕು. ಅಂದು ಯಾರೂ ಹೊಲಿಗೆಗೆ ಕೂರುವುದಿಲ್ಲ. ಹೊಲಿಯುವ ಹೆಂಗಸರ ಈ ಆಚರಣೆಯನ್ನು ಗೆಂಜೊ ತಮ್ಮ ಅಂಗಡಿಗೂ ತಂದಿದ್ದರು. ಉವಾಜಿಮಾ ಊರಿನ ಹೈಸ್ಕೂಲಿನ ಎದುರಿಗೆ, ಮನೆಯ ಮುಂಭಾಗದಲ್ಲೇ ಅವರ ಟೆನಿಸ್ ರಾಕೆಟ್ ಅಂಗಡಿ. ರಾಕೆಟ್ಟಿಗೆ ತಂತಿ ಬಿಗಿಯುವಾಗ ಒಂದು ತಂತಿಯ ಪಕ್ಕದಲ್ಲೇ ಇನ್ನೊಂದನ್ನು ತೂರಿಸಲು ದಬ್ಬಳದಿಂದ ದಾರಿ ಮಾಡಬೇಕು. "ದಬ್ಬಳ ಅಂದ್ರೆ ಸೂಜಿಯ ಅಣ್ಣ. ತಂಗಿಗೆ ಮಾತ್ರ ರಜಾ ಕೊಟ್ಟು ಅಣ್ಣನ್ನ ದುಡಿಸಬಾರದು" ಎಂದು, ಮಾತಿದ್ದ ಕಾಲದಲ್ಲಿ, ಅವರು ನಗುತ್ತಿದ್ದರು. ಆ ದಿನ ಬಿಗಿಯುವ ಯಂತ್ರಕ್ಕೆ ಬಿಳಿಬಟ್ಟೆ ಹೊದಿಸಿ, ಬಾಗಿದ ದಬ್ಬಳಗಳನ್ನು ಸಾಲಾಗಿ ತೋಫುವಿಗೆ ಚುಚ್ಚುತ್ತಿದ್ದರು.

ಆಟದ ಋತು ಮುಗಿದು ಮುಂದಿನದು ಶುರುವಾಗುವ ನಡುವೆ ಮಗಳು ಚಿಗುಸಾಗೆ ಸಿಗುತ್ತಿದ್ದದ್ದು ಡಿಸೆಂಬರಿನ ಒಂದಿಷ್ಟು ದಿನ. ಹಾಗಾಗಿ ಮಗಳು ಮನೆಗೆ ಬರುತ್ತಿದ್ದದ್ದೂ ಈ ದಿನಕ್ಕೇ. ಬಂದು, ಮರುದಿನ ಬೆಳಿಗ್ಗೆ ಹೊರಟುಬಿಡುತ್ತಿದ್ದಳು.

ಯಂತ್ರಕ್ಕೆ ಬಟ್ಟೆ ಹೊದಿಸಿದ ದಿನವೇ ಅವಳು ಬರುತ್ತಿದ್ದದ್ದು. ಒಂಬತ್ತು ವರ್ಷಗಳ ಸುಳ್ಳು ನಿಂತಿದ್ದದ್ದು ಆ ಒಂದು ಬಿಳಿಬಟ್ಟೆಯ ಮರೆಯಲ್ಲಿ.

ಮಸುಮಿ ಈ ಮನೆಗೆ ಸೊಸೆಯಾಗಿ ಬಂದು ನಾಲ್ಕೇ ವರ್ಷಕ್ಕೆ ಗಂಡ ರ್ಯೋಹೆ ಎದೆಯ ಕಾಯಿಲೆಯಿಂದ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ತವರಿನವರು ಕರೆಯಲು ಬಂದರು. ಆಗ ಗೆಂಜೊ ಏನೂ ಹೇಳದೆ ಅವಳನ್ನು ಅಂಗಡಿಯ ಯಂತ್ರದ ಮುಂದೆ ಕೂರಿಸಿ ಕೈಗೆ ದಬ್ಬಳ ಕೊಟ್ಟಿದ್ದರು. "ಕೈಗೆ ಕೆಲಸ ಇದ್ರೆ ಅಳು ಅರ್ಧ ಆಗುತ್ತಮ್ಮ. ಉಳಿದರ್ಧ ನಾನೂ ಅಳ್ತೀನಿ." ಆ ಮಾತಿಗೆ ಅವಳು ಉಳಿದಳು. ಹೈಸ್ಕೂಲು ಮಕ್ಕಳ ರಾಕೆಟ್ಟುಗಳನ್ನು ಬಿಗಿಯಲು ಕಲಿತಳು. ಆದರೆ ಚಿಗುಸಾಳ ರಾಕೆಟ್ಟನ್ನು ಮಾತ್ರ ಮಾವ ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಮಗಳು ಎಷ್ಟು ಪೌಂಡ್ ಬಿಗಿ ಬೇಕೆಂದು ಬರೆದು ಕಳಿಸುವಳೋ ಆ ಚೀಟಿಯನ್ನು ಗೋಡೆಗೆ ಅಂಟಿಸಿ, ಅಂಗಡಿಯ ಬಾಗಿಲು ಹಾಕಿಕೊಂಡು, ಒಬ್ಬರೇ ಕೂತು ಬಿಗಿಯುತ್ತಿದ್ದರು. ಎಂಟು ರಾಕೆಟ್ಟುಗಳು ಪ್ಯಾರಿಸ್ಸಿಗೋ ಮೆಲ್ಬರ್ನಿಗೋ ಹೋಗುತ್ತಿದ್ದವು, ಬರುತ್ತಿದ್ದವು. ಆಟದ ಜಾಗದಲ್ಲೇ ತಂತಿ ಬಿಗಿಯುವವರಿರುವಾಗ ಇವಳದೇನು ಹುಚ್ಚು ಎಂದು ಅಲ್ಲಿಯವರು ನಗುತ್ತಿದ್ದರಂತೆ. ಅಪ್ಪನ ತಂತಿಯಿಲ್ಲದೆ ಅಂಗಳಕ್ಕಿಳಿಯುವುದಿಲ್ಲ ಎಂಬುದು ಚಿಗುಸಾಳ ಹಟ, ಅವಳ ಶಕುನ.

ಲಂಡನ್ನಿನ ಹುಲ್ಲಿನಂಗಳಕ್ಕೆ ಅವಳು ಮೊದಲ ಬಾರಿ ಅರ್ಹತೆ ಪಡೆದ ಬೇಸಿಗೆಯಲ್ಲಿ ಗೆಂಜೊ ಯಂತ್ರದ ಮುಂದೆಯೇ ಕುಸಿದು ಬಿದ್ದರು. ಬಲಭಾಗ ಹೋಯಿತು. ಮಾತು ಹೋಯಿತು. ಲೇಖನಿ ಕೊಟ್ಟರೆ ಎಡಗೈ ಬರೀ ಗೀರುಗಳನ್ನು ಎಳೆಯುತ್ತಿತ್ತು, ಅಕ್ಷರಗಳೂ ಅವರನ್ನು ಬಿಟ್ಟುಹೋಗಿದ್ದವು.

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತೊಮೆ ತೀರ್ಪು ಕೊಟ್ಟಿದ್ದಳು. "ಚಿಗುಸಾಗೆ ಹೇಳಕೂಡದು. ಹೇಳಿದ್ರೆ ಬಿಟ್ಟು ಬಂದುಬಿಡ್ತಾಳೆ. ಅಂಗಳದಲ್ಲಿ ನಿಂತವಳಿಗೆ ಮನೆ ಸಂಕಟ ಮುಟ್ಟಿಸೋದು ಹೆತ್ತವರ ಕೆಲಸ ಅಲ್ಲ. ಆರು ರಾಕೆಟ್ ಬಾಕಿ ಇದೆ. ನೀನು ಬಿಗಿ."

"ನಾನಾ ಅತ್ತೆ?"

"ಮತ್ತೆ ನಾನಾ? ಗಂಡನ್ನಂತೂ ಉಳಿಸ್ಕೊಳ್ಳೋಕಾಗ್ಲಿಲ್ಲ ನಿನ್ನ ಕೈಲಿ. ಈ ಕೆಲಸಕ್ಕಾದ್ರೂ ಬರ್ಲಿ ಆ ಕೈ!"

ಮಸುಮಿ ಬಿಗಿದಳು. ಚೀಟಿಯಲ್ಲಿ ಐವತ್ತನಾಲ್ಕು ಪೌಂಡ್ ಎಂದಿತ್ತು. ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಾಗದಂತೆ ಐವತ್ತನಾಲ್ಕೇ ಎಳೆದಳು. ಆ ರಾಕೆಟ್ಟುಗಳಲ್ಲಿ ಚಿಗುಸಾ ಮೂರು ಪಂದ್ಯ ಗೆದ್ದಳು. ಆಮೇಲೆ ಸತ್ಯದ ಒಂದು ತುಣುಕನ್ನಷ್ಟೇ ಅವಳಿಗೆ ತಿಳಿಸಲಾಯಿತು: ಅಪ್ಪನಿಗೆ ಸ್ವಲ್ಪ ಹುಷಾರಿರಲಿಲ್ಲ, ಬಲಗೈ ಸೋತಿದೆ, ಮಾತು ತೊದಲುತ್ತೆ, ಆದರೂ ಎಡಗೈಯಲ್ಲಿ ತಂತಿ ಅವರೇ ಬಿಗಿಯುತ್ತಾರೆ, ಮಸುಮಿ ಪಕ್ಕದಲ್ಲಿ ಕೂತು ಸಾಮಾನು ಕೊಡುತ್ತಾಳೆ ಅಷ್ಟೇ. ಪ್ರತಿ ಡಿಸೆಂಬರಿನಲ್ಲೂ ತೊಮೆ ಗಂಡನ ಎಡಗೈಗೆ ದಬ್ಬಳ ಹಿಡಿಸಿ, ಮಗಳ ಮುಂದೆ ತೋಫುವಿಗೆ ಚುಚ್ಚಿಸುತ್ತಿದ್ದಳು. ಅವರು ಬೇರೆಡೆ ನೋಡುತ್ತ ಚುಚ್ಚುತ್ತಿದ್ದರು.

ನಡುವೆ ಒಮ್ಮೆ ಯವತಹಾಮಾ ಹಡಗುಕಟ್ಟೆಯಲ್ಲಿ ಟಿಕೆಟು ಕೊಡುವ ಗುಮಾಸ್ತನೊಬ್ಬ ಮಸುಮಿಯನ್ನು ಮದುವೆಗೆ ಕೇಳಿಸಿದ್ದ. ಮೆತ್ತನೆಯ ಮಾತಿನವನು, ಅವನಿಗೂ ಹೆಂಡತಿ ಹೋಗಿದ್ದಳು. ಬಂದ ಮಧ್ಯಸ್ಥಗಾರ್ತಿಗೆ ತೊಮೆ ಬಾಗಿಲಲ್ಲೇ, "ನಮ್ಮ ಸೊಸೆ ಶ್ವಾಸಕೋಶ ಅಷ್ಟಕ್ಕಷ್ಟೇ" ಎಂದುಬಿಟ್ಟಳು. ಒಳಗೆ ಯಂತ್ರದ ಮುಂದೆ ಕೂತಿದ್ದ ಮಸುಮಿಗೆ ಕೇಳಿಸಿತು. ಎದ್ದು ಹೋಗಿ ಸುಳ್ಳು ಎನ್ನಬಹುದಿತ್ತು... ಆದರೆ ಮರುದಿನ ನ್ಯೂಯಾರ್ಕಿಗೆ ನಾಲ್ಕು ರಾಕೆಟ್ ಹೋಗಬೇಕಿತ್ತು. ಅವಳು ಎದ್ದಿರಲಿಲ್ಲ.

ಒಂದೇ ಒಂದು ವಿಷಯ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅವಳು ಚಿಗುಸಾಳ ರಾಕೆಟ್ಟನ್ನು ಯಂತ್ರಕ್ಕೇರಿಸಿದಾಗಲೆಲ್ಲ ಪಕ್ಕದಲ್ಲಿ ಕೂತ ಗೆಂಜೊ ಎಡಗೈ ಎತ್ತುತ್ತಿದ್ದರು. ಮೂರು ಬೆರಳು. ಹೈಸ್ಕೂಲು ಮಕ್ಕಳ ರಾಕೆಟ್ಟಿಗೆ ಎತ್ತುತ್ತಿರಲಿಲ್ಲ, ಇದಕ್ಕೆ ಮಾತ್ರ. "ಏನು ಮಾವ?" ಎಂದರೆ ಮೂರು ಬೆರಳನ್ನು ಅಲ್ಲಾಡಿಸುತ್ತಿದ್ದರು, ಗಂಟಲಿನಿಂದ ಒಂದು ಗೊರಗೊರ ಸದ್ದು ಬರುತ್ತಿತ್ತು.

"ಅಷ್ಟೂ ಗೊತ್ತಾಗಲ್ವಾ? ಮೂರು ಗಂಟೆ ಟೀ!" ಎಂದಿದ್ದಳು ತೊಮೆ. ಆ ಅಂಗಡಿಯಲ್ಲಿ ಮೂವತ್ತು ವರ್ಷ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಕೆಲಸ ನಿಲ್ಲಿಸಿ ಚಹಾ ಕುಡಿದವರು ಗೆಂಜೊ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಬೆರಳೆತ್ತಿದರೂ ಚಹಾ ಬಂತು, ಸಂಜೆ ಐದಕ್ಕೆ ಎತ್ತಿದರೂ ಬಂತು, ಸುಲಿದ ಕಿತ್ತಳೆಯ ಸಮೇತ. ಅವರು ಲೋಟವನ್ನು ದೂಡಿದರೆ "ಕಾಯಿಲೆಯವರ ಸಿಟ್ಟು" ಎಂದರು. ಅತ್ತರೆ "ಕಾಯಿಲೆಯವರ ಅಳು" ಎಂದರು. ಒಮ್ಮೆ ಅಟ್ಟದತ್ತ ಬೊಟ್ಟು ಮಾಡಿ ತೋರಿಸಿದಾಗ, ಇಲಿಗಳ ಕಾಟವೆಂದು ತೊಮೆ ಅಟ್ಟದಲ್ಲಿ ಎರಡು ಬೋನು ಇಡಿಸಿದಳು. ಐದಾರು ವರ್ಷ ಹೀಗೇ ನಡೆಯಿತು. ಆಮೇಲೆ ಗೆಂಜೊ ಬೆರಳೆತ್ತುವುದನ್ನೇ ಬಿಟ್ಟರು. ಕೊಟ್ಟ ಚಹಾವನ್ನು ಕೊಟ್ಟ ಹೊತ್ತಿಗೆ ಸುಮ್ಮನೆ ಕುಡಿಯತೊಡಗಿದರು.

ಹತ್ತು ದಿನದ ಹಿಂದೆ ಚಿಗುಸಾ ಟೀವಿಯಲ್ಲಿ ಕಾಣಿಸಿಕೊಂಡಳು. ಮೂವತ್ತಮೂರು ವರ್ಷದ ಅವಳ ಮುಖದಲ್ಲಿ ನಲವತ್ತರ ದಣಿವಿತ್ತು. ಬಲ ಮಣಿಕಟ್ಟಿಗೆ ಕಪ್ಪು ಪಟ್ಟಿ. ಎರಡು ಶಸ್ತ್ರಚಿಕಿತ್ಸೆಯಾದರೂ ಮೂಳೆ ಮಾತು ಕೇಳಲಿಲ್ಲ, ಇನ್ನು ಆಡುವುದಿಲ್ಲ ಎಂದು ತಲೆಬಾಗಿದಳು. "ಮೊದಲಿಂದ ಕೊನೆಯವರೆಗೆ ನನ್ನ ಅಪ್ಪನ ತಂತಿಯಲ್ಲಿ ಆಡಿದೆ. ಅಷ್ಟು ಸಾಕು." ಊರಿನ ಪತ್ರಿಕೆಯವನು ಹಳೆಯ ಫೋಟೊ ಕೇಳಿದನೆಂದು ತೊಮೆ ಸೊಸೆಯನ್ನು ಅಟ್ಟಕ್ಕೆ ಹತ್ತಿಸಿದಳು. ಅಲ್ಲಿ ಖಾಲಿ ತಂತಿಡಬ್ಬಿಯೊಂದರ ತಳದಲ್ಲಿ ಈ ಪುಸ್ತಕ ಸಿಕ್ಕಿತು. ಮಾವನ ದುಂಡಗಿನ ಅಕ್ಷರ. ಪುಟದ ತುಂಬ ತಾರೀಖುಗಳು, ಪ್ರತಿ ತಾರೀಖಿನ ಮುಂದೆ ಎರಡು ಅಂಕಿ. ಕೇಳಿದ್ದು ಐವತ್ತನಾಲ್ಕು, ಎಳೆದದ್ದು ಐವತ್ತೊಂದು. ಕೇಳಿದ್ದು ಐವತ್ತೈದು, ಎಳೆದದ್ದು ಐವತ್ತೆರಡು. ಕೊನೆಯ ಪುಟದವರೆಗೂ ಹಾಗೆಯೇ, ಎಲ್ಲೆಲ್ಲೂ ಮೂರು ಕಡಿಮೆ.

ಮೊದಲ ಪುಟದಲ್ಲಿ ಹೀಗೆ ಬರೆದಿತ್ತು: "ಚಿಗುಸಾ ಹನ್ನೆರಡನೇ ವಯಸ್ಸಿನಲ್ಲಿ ಕಿತ್ತಳೆ ತೋಟದ ಕಲ್ಲುಗೋಡೆಯಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಒಳಗೆ ಪೂರ್ತಿ ಕೂಡಿಲ್ಲ ಅಂದರು ಡಾಕ್ಟರು. ಅವಳು ಎಷ್ಟೇ ಬಿಗಿ ಕೇಳಲಿ, ಮೂರು ಪೌಂಡ್ ಕಡಿಮೆ ಎಳೆಯಬೇಕು. ಅವಳಿಗೆ ಹೇಳಬಾರದು. ಹೇಳಿದರೆ ಹಟಕ್ಕೆ ಮೂರು ಹೆಚ್ಚು ಕೇಳುತ್ತಾಳೆ."

ಅಟ್ಟದ ಧೂಳಿನಲ್ಲಿ ಕೂತ ಮಸುಮಿಗೆ ಆ ಮೂರು ಬೆರಳುಗಳು ಕಣ್ಣ ಮುಂದೆ ಎದ್ದು ನಿಂತವು. ಅಯ್ಯೋ... ಟೀ ಅಲ್ಲ! ಯಾವತ್ತೂ ಟೀ ಆಗಿರಲಿಲ್ಲ!

* * *

ಚಿಗುಸಾ ಮಧ್ಯಾಹ್ನ ಹನ್ನೆರಡರ ರೈಲಿಗೆ ಬಂದಳು. ಒಂದು ಚೀಲ, ಒಂದೇ ಒಂದು ರಾಕೆಟ್.

"ಇದೇನೇ ಇಷ್ಟು ಸೊರಗಿದೀಯ? ಅಲ್ಲೇನು ಹುಲ್ಲೇ ಹಾಕ್ತಿದ್ರಾ?" ಎಂದು ತೊಮೆ ಬಾಗಿಲಲ್ಲೇ ಶುರುಮಾಡಿದಳು. ಕಣ್ಣು ಮಾತ್ರ ಮಗಳ ಕಪ್ಪುಪಟ್ಟಿಯ ಮೇಲಿತ್ತು.

"ಹುಲ್ಲಿನ ಮೇಲೆ ಆಡಿದ್ದು ಅಮ್ಮ, ತಿಂದಿದ್ದಲ್ಲ." ಚಿಗುಸಾ ನಕ್ಕಳು. ಬೂಟಿನ ದಾರ ಬಿಚ್ಚಲು ಬಾಗಿದವಳಿಗೆ ಬಲಗೈಯಲ್ಲಿ ಗಂಟು ಎಳೆಯಲಾಗಲಿಲ್ಲ. ಮಸುಮಿ ಥಟ್ಟನೆ ಕೂತು ಬಿಚ್ಚಿದಳು. "ಬೇಡ ಅತ್ತಿಗೆ, ಎಡಗೈ ಕಲೀತಿದೆ" ಎಂದಳು ಚಿಗುಸಾ. ಬಾಗಿದ ಮಸುಮಿಯ ಕಣ್ಣಿಂದ ಒಂದು ಹನಿ ಆ ಬೂಟಿನ ಮೇಲೆಯೇ ಬಿತ್ತು. ಯಾರೂ ನೋಡಲಿಲ್ಲ ಎಂದುಕೊಂಡಳು.

ಊಟಕ್ಕೆ ಮೀನಿನ ಅನ್ನ, ಕರಿದ ಮೀನುವಡೆ, ಮೂಲಂಗಿ. ತೊಮೆ ಮಗಳ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು. ಮಸುಮಿಯ ಬಟ್ಟಲು ಎಂದಿನಂತೆ ಅಡುಗೆಮನೆಯಲ್ಲಿತ್ತು. ಊಟವಾದ ಮೇಲೆ ಎಲ್ಲರೂ ಹಿರಿಯರ ಗೂಡಿನ ಮುಂದೆ ಸೇರಿದರು. ಒಳಗೆ ರ್ಯೋಹೆಯ ಚಿತ್ರ, ಮುಂದೆ ಊದುಬತ್ತಿ, ಕೆಳಗೆ ಮರದ ತಟ್ಟೆಯಲ್ಲಿ ತೋಫು. ಪಕ್ಕದಲ್ಲಿ ಆ ವರ್ಷ ಬಾಗಿದ ಎರಡು ದಬ್ಬಳಗಳು.

ತೊಮೆ ಗಂಡನ ಎಡಗೈಗೆ ಒಂದು ದಬ್ಬಳ ಹಿಡಿಸಲು ಹೋದಳು. ಅಷ್ಟರಲ್ಲಿ ಚಿಗುಸಾ ತನ್ನ ರಾಕೆಟ್ಟನ್ನು ಚೀಲದಿಂದ ತೆಗೆದು ಅಪ್ಪನ ತೊಡೆಯ ಮೇಲಿಟ್ಟಳು.

"ಅಪ್ಪ, ಇದು ಕೊನೇದು. ನಿನ್ನ ತಂತಿ ಇನ್ನೂ ಹರಿದಿಲ್ಲ ನೋಡು. ನಾನೇ ಮೊದಲು ಹರಿದೆ."

ಗೆಂಜೊ ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ಎಡಗೈಯ ಹೆಬ್ಬೆರಳಿನಿಂದ ನಡುವಿನ ತಂತಿಯನ್ನು ಮೀಟಿದರು. ಚೂಪಾದ, ಎಳೆದು ಕಟ್ಟಿದ ಸದ್ದು ಕೋಣೆಯಲ್ಲಿ ಹೊಮ್ಮಿ ನಿಂತಿತು. ಅವರ ಮುಖ ಕಾಗದ ಮುದುರಿದಂತೆ ಮುದುರಿತು. ಮೂರ್ನಾಲ್ಕು ವರ್ಷಗಳಿಂದ ಹಾಗೆ ಎತ್ತದ ಆ ಕೈ ಮೇಲೆದ್ದಿತು.

ಮೂರು ಬೆರಳು!

ಗೋಡೆಯ ಗಡಿಯಾರದಲ್ಲಿ ಆಗಿನ್ನೂ ಒಂದೂಕಾಲು.

ತೊಮೆ ತಟಕ್ಕನೆ ಎದ್ದಳು. "ಟೀ... ಟೀ ಕೇಳ್ತಿದಾರೆ. ತರ್ತೀನಿ, ಈಗ ತಂದೆ..." ಎಲ್ಲ ತಿಳಿದಿದ್ದೂ ಹಾಗಂದಳು.

"ಅಲ್ಲ!"

ಹದಿನೈದು ವರ್ಷಗಳಲ್ಲಿ ಆ ಮನೆಯೊಳಗೆ ಮಸುಮಿ ದನಿಯೆತ್ತಿದ್ದು ಅದೇ ಮೊದಲು. ಅವಳ ದನಿಗೆ ಅವಳೇ ಬೆಚ್ಚಿದಳು. ಆದರೂ ನಿಲ್ಲಲಿಲ್ಲ. "ಅಲ್ಲ ಅತ್ತೆ! ಟೀ ಅಲ್ಲ! ಇನ್ನೊಂದು ಸಲ ಅವರಿಗೆ ಟೀ ಕೊಡಬೇಡಿ... ಕೈಮುಗೀತೀನಿ, ಕೊಡಬೇಡಿ!"

"ಮಸುಮಿ! ಹೇಳಿದೀನಿ ನಿಂಗೆ..."

"ಬೀದಿಗೆ ಹಾಕಿ ಅತ್ತೆ. ಹೇಳಿ ಹೋಗ್ತೀನಿ." ಅವಳು ಹಣೆ ಚಾಪೆಗೆ ತಾಗುವಂತೆ ಚಿಗುಸಾಳ ಮುಂದೆ ಬಾಗಿದಳು. "ಚಿಗುಸಾ, ಒಂಬತ್ತು ವರ್ಷದಿಂದ ನಿನ್ನ ತಂತಿ ಬಿಗಿದಿದ್ದು ನಿಮ್ಮಪ್ಪ ಅಲ್ಲ. ನಾನು. ನೀನು ಬರೆದಷ್ಟನ್ನೇ ಬಿಗಿದೆ. ಅವರು ಮೂರು ಪೌಂಡ್ ಬಿಡ್ತಿದ್ರಂತೆ, ನಿನ್ನ ಮಣಿಕಟ್ಟಿಗೋಸ್ಕರ. ನಂಗೆ ಗೊತ್ತಿರ್ಲಿಲ್ಲ... ಅವರು ಹೇಳ್ತಾನೇ ಇದ್ರು, ನನ್ನ ಕಣ್ಣ ಮುಂದೆ ಕೈ ಎತ್ತಿ ಹೇಳ್ತಾನೇ ಇದ್ರು! ನಾನು ಟೀ ಕೊಟ್ಟೆ... ನಿನ್ನ ಕೈಯನ್ನ ಮುರಿದಿದ್ದು ನಾನು ಚಿಗುಸಾ..."

ಮುಂದಿನ ಮಾತು ಅಳುವಿನಲ್ಲಿ ಮುಳುಗಿತು. ಅವಳು ನೆಲದ ಮೇಲೆಯೇ ಪುಸ್ತಕವನ್ನು ಮುಂದಕ್ಕೆ ಸರಿಸಿದಳು.

ಚಿಗುಸಾ ಓದಿದಳು. ಎಡಗೈಯಲ್ಲಿ ಒಂದೊಂದೇ ಪುಟ ತಿರುವಿದಳು. ಮತ್ತೆ ಮೊದಲ ಪುಟಕ್ಕೆ ಬಂದು "ಹಟಕ್ಕೆ ಮೂರು ಹೆಚ್ಚು" ಎಂಬಲ್ಲಿ ನಿಂತಳು. ಅವಳಿಗೆ ನಗು ಬಂತು. ಆ ನಗು ಅರ್ಧದಲ್ಲೇ ಒಡೆದು ಬಿಕ್ಕಾಯಿತು.

"ಏಳಿ ಅತ್ತಿಗೆ. ನಂಗೆ ಗೊತ್ತಿತ್ತು."

ಮಸುಮಿ ತಲೆಯೆತ್ತಿದಳು.

"ಮೂರು ಪೌಂಡ್ ವಿಷಯ ಗೊತ್ತಿರ್ಲಿಲ್ಲ. ಆದ್ರೆ ಕೈ ಬದಲಾಗಿದೆ ಅಂತ ಲಂಡನ್ನಿನಲ್ಲಿ ಮೊದಲನೇ ಚೆಂಡಿಗೇ ಗೊತ್ತಾಯ್ತು. ಸದ್ದೇ ಬೇರೆ ಇತ್ತು. ಅವತ್ತೇ ಫೋನ್ ಮಾಡ್ದೆ. ಅಪ್ಪ ಸ್ನಾನಕ್ಕೆ ಹೋಗಿದಾರೆ ಅಂದ್ಲು ಅಮ್ಮ. ಅಲ್ಲಿ ನಂಗೆ ಮಧ್ಯಾಹ್ನ, ಇಲ್ಲಿ ನಡುರಾತ್ರಿ. ಯಾರು ಸ್ನಾನ ಮಾಡ್ತಾರೆ ಆ ಹೊತ್ತಲ್ಲಿ?" ಅವಳು ತಟ್ಟೆಯ ಪಕ್ಕದ ದಬ್ಬಳವೊಂದನ್ನು ಎತ್ತಿಕೊಂಡಳು. ಅದರ ಹಿಡಿಗೆ ನೀಲಿ ಹೂವಿನ ಬಟ್ಟೆಯ ಪಟ್ಟಿ ಸುತ್ತಿತ್ತು. "ಆ ಡಿಸೆಂಬರಿಗೆ ಬಂದಾಗಲೂ ದಬ್ಬಳಕ್ಕೆ ಇದೇ ಬಟ್ಟೆ ಸುತ್ತಿತ್ತು, ನೋಡ್ದೆ. ಅಪ್ಪನ ಅಂಗೈ ಮರದಂಥದ್ದು, ಅವನು ಯಾವತ್ತೂ ಹಿಡಿಗೆ ಬಟ್ಟೆ ಸುತ್ತಿದವನಲ್ಲ. ಇದು ನಿಮ್ಮ ಮದುವೆ ವರ್ಷದ ಬೇಸಿಗೆ ಬಟ್ಟೆ. ಅಣ್ಣ ತಂದುಕೊಟ್ಟಿದ್ದು. ನಂಗೆ ನೆನಪಿದೆ."

"ಮತ್ತೆ... ಮತ್ಯಾಕೆ ಕೇಳ್ಲಿಲ್ಲ ನೀನು?"

"ಕೇಳ್ದಿದ್ರೆ ಆಡಬಹುದಿತ್ತು. ಕೇಳಿದ್ರೆ ಮನೆಗೆ ಬರಬೇಕಿತ್ತು." ಚಿಗುಸಾ ಅಪ್ಪನ ಮುಖ ನೋಡಲಾರದೆ ದಬ್ಬಳವನ್ನೇ ನೋಡುತ್ತಿದ್ದಳು. "ನಾನು ಕೇಳ್ಲಿಲ್ಲ. ಆ ಬಿಗಿಗೆ ಚೆಂಡು ನಾನು ಹೇಳಿದಲ್ಲೇ ಬೀಳ್ತಿತ್ತು. ಗೆಲ್ತಿದ್ದೆ. ನೋವು ಶುರುವಾದ ಮೇಲೆ ಅಲ್ಲಿಯ ಡಾಕ್ಟರು ತಂತಿ ಸಡಿಲ ಮಾಡು ಅಂದ್ರು, ಎರಡು ವರ್ಷ ಅದನ್ನೇ ಅಂದ್ರು. ಮಾಡ್ಲಿಲ್ಲ ನಾನು. ಮಣಿಕಟ್ಟು ಮುರಿದಿದ್ದು ನನ್ನ ಹಟ ಅತ್ತಿಗೆ. ನಾನು ಮುರಿದಿದ್ದು ಇನ್ನೊಂದಿದೆ... ನಿಮ್ಮ ಒಂಬತ್ತು ವರ್ಷ."

ತೊಮೆ ನಿಂತಲ್ಲೇ ಗೋಡೆ ಹಿಡಿದಳು. "ಅವಳನ್ನೇನು ನಾನು ಕಟ್ಟಿಹಾಕಿದ್ನಾ? ನಿಂಗೋಸ್ಕರ ಕಣೇ ಮಾಡಿದ್ದು! ಮಗ ಹೋದ, ಇವರ ಬಾಯಿ ಹೋಯ್ತು. ನೀನೊಬ್ಬಳಾದ್ರೂ ನಿಂತಿರ್ಲಿ ಅಂತ... ಮುಚ್ಚಿಟ್ಟೆ. ಹೌದು, ಮುಚ್ಚಿಟ್ಟೆ!"

"ನೀನು ಮುಚ್ಚಿಟ್ಟೆ ಅಮ್ಮ, ನಾನು ತೆಗೆದು ನೋಡ್ಲಿಲ್ಲ. ಇಬ್ಬರೂ ಸೇರಿ ಮುಚ್ಚಳ ಹಾಕಿದ್ವಿ. ಒಳಗೆ ಅತ್ತಿಗೆ ಇದ್ರು."

ತೊಮೆ ಗಂಡನ ಪಕ್ಕದಲ್ಲಿ ಕೂತಳು. ಇನ್ನೂ ಗಾಳಿಯಲ್ಲೇ ಇದ್ದ ಆ ಮೂರು ಬೆರಳುಗಳನ್ನು ತನ್ನ ಎರಡು ಕೈಗಳಲ್ಲಿ ಹಿಡಿದಳು.

"ನಲವತ್ತು ವರ್ಷ ಇವರ ಜೊತೆ ಬಾಳಿದೆ. ಕೆಮ್ಮಿದ್ರೆ ಏನು ಬೇಕು ಅಂತ ಗೊತ್ತಾಗ್ತಿತ್ತು ನಂಗೆ... ಅಂತ ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಟೀ ಅಂದ್ಕೊಂಡೆ. ಹೆಂಡತಿ ಅನ್ನಿಸ್ಕೊಂಡವಳು... ಇವರು ಮಗಳ ಕೈ ಉಳಿಸು ಅಂತಿದ್ರು, ನಾನು ಕಿತ್ತಳೆ ಸುಲಿದು ಕೊಟ್ಟೆ!"

ಸೊಸೆಯ ಬಾಯಿ ಮುಚ್ಚಿಸಲು ಅವಳು ಯಾಕಷ್ಟು ಹೋರಾಡಿದಳೆಂದು ಮಸುಮಿಗೆ ಆಗ ಅರ್ಥವಾಯಿತು. ಅದು ಸೊಸೆಯ ತಪ್ಪನ್ನು ಮುಚ್ಚಲು ಅಲ್ಲ. ಹತ್ತು ದಿನಗಳಿಂದ ಈ ಹೆಂಗಸೂ ಸರಿಯಾಗಿ ಉಂಡಿರಲಿಲ್ಲ. ಅದನ್ನು ಮಸುಮಿ ಗಮನಿಸಿದ್ದಳು, ಕಾರಣ ಮಾತ್ರ ಯೋಚಿಸಿರಲಿಲ್ಲ.

ಗೆಂಜೊ ಹೆಂಡತಿಯ ಕೈಯಿಂದ ಮೆಲ್ಲನೆ ತಮ್ಮ ಬೆರಳುಗಳನ್ನು ಬಿಡಿಸಿಕೊಂಡರು. ಚಿಗುಸಾಳ ಕೈಯಲ್ಲಿದ್ದ ದಬ್ಬಳವನ್ನು ತೆಗೆದುಕೊಂಡರು. ಪ್ರತಿ ವರ್ಷದಂತೆ ತೋಫುವಿನತ್ತ ಒಯ್ಯುತ್ತಾರೆಂದು ಎಲ್ಲರೂ ಅಂದುಕೊಂಡರು. ಅವರು ಅದನ್ನು ಮಸುಮಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು. ದಬ್ಬಳ ಒತ್ತಿ ಒತ್ತಿ ಗಂಟುಗಟ್ಟಿದ ಆ ಅಂಗೈಯನ್ನು ಸವರಿದರು. ಅವರ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದು ಕಾಯಿಲೆಯವರ ಅಳು ಎಂದು ಯಾರೂ ಅನ್ನಲಿಲ್ಲ.

ಮಸುಮಿ ಚುಚ್ಚಿದಳು. ಒಂದು, ಆಮೇಲೆ ಇನ್ನೊಂದು. ಕೈಮುಗಿದಳು. ತೋಫು ಒಡೆಯಲಿಲ್ಲ.

* * *

ಮರುದಿನ ಚಿಗುಸಾ ಹೊರಡಲಿಲ್ಲ. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ.

ಬೆಳಿಗ್ಗೆ ಮಸುಮಿ ಯಂತ್ರದ ಬಿಳಿಬಟ್ಟೆ ತೆಗೆದಳು. ಕೊನೆಯ ರಾಕೆಟ್ಟಿನ ತಂತಿಗಳನ್ನು ಕತ್ತರಿಸಿ ತೆಗೆದು ಹೊಸದು ಹಾಕಿದಳು. ಚಿಗುಸಾ ಪಕ್ಕದಲ್ಲಿ ಕೂತು ಎಡಗೈಯಲ್ಲಿ ತಂತಿಯ ತುದಿ ಹಿಡಿದುಕೊಟ್ಟಳು.

"ಅತ್ತಿಗೆ," ಎಂದಳು ಚಿಗುಸಾ ನಡುವೆ, "ಈಗ ನೀವು ಹೋಗಬಹುದು. ಅಮ್ಮನ್ನ, ಅಪ್ಪನ್ನ ನಾನು ನೋಡ್ಕೋತೀನಿ. ಎಲ್ಲಾದ್ರೂ... ನಿಮಗೆ ಇಷ್ಟ ಬಂದಲ್ಲಿಗೆ."

ಮಸುಮಿಯ ಕೈ ಒಂದು ಕ್ಷಣ ನಿಂತಿತು. ಯವತಹಾಮಾದ ಹಡಗುಕಟ್ಟೆ ನೆನಪಾಯಿತು. ಆ ಗುಮಾಸ್ತನ ಎರಡನೆಯ ಹೆಂಡತಿಯ ಮಗು ಈಗ ಶಾಲೆಗೆ ಹೋಗುತ್ತದೆಂದು ಯಾರೋ ಹೇಳಿದ್ದರು. ತವರಿನ ಮನೆಯಲ್ಲಿ ಈಗ ತಮ್ಮನ ಸಂಸಾರ.

"ಎಲ್ಲಿಗೆ ಚಿಗುಸಾ?" ಎಂದಳು. ದೂರಿನ ದನಿಯಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಮಸುಮಿ ಮತ್ತೆ ದಬ್ಬಳ ತೂರಿಸಿದಳು.

ಐವತ್ತೊಂದು ಪೌಂಡ್. ಕೊನೆಯ ಗಂಟು ಹಾಕಿ, ರಾಕೆಟ್ಟನ್ನು ಯಂತ್ರದಿಂದ ಬಿಡಿಸಿ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಾವನ ತೊಡೆಯ ಮೇಲಿಟ್ಟಳು. ಗೆಂಜೊ ಹೆಬ್ಬೆರಳಿನಿಂದ ಮೀಟಿದರು. ದುಂಡಗಿನ, ತಗ್ಗಿದ ಸದ್ದು. ಚಿಗುಸಾ ಕಣ್ಣುಮುಚ್ಚಿದಳು. ಒಂಬತ್ತು ವರ್ಷಗಳ ಹಿಂದೆ ಅವಳು ಕಳೆದುಕೊಂಡು, ಹುಡುಕದೇ ಬಿಟ್ಟ ಸದ್ದು ಅದು. ಇನ್ನು ಯಾವ ಚೆಂಡೂ ಅದಕ್ಕೆ ತಾಗುವುದಿಲ್ಲ.

ಮಸುಮಿ ಮಾವನ ಎಡಗೈಯನ್ನೇ ನೋಡುತ್ತಿದ್ದಳು. ಅದು ತಂತಿಗಳ ಮೇಲೆ ಹಾಗೇ ಹರಡಿಕೊಂಡು ಮಲಗಿತು. ಒಂದು ಬೆರಳೂ ಮೇಲೇಳಲಿಲ್ಲ.

ಆಗ ಹತ್ತು ಗಂಟೆ. ಯಾರೂ ಕೇಳಿರಲಿಲ್ಲ. ಆದರೂ ತೊಮೆ ಚಹಾ ತಂದಳು. ಅವಳ ತಟ್ಟೆಯಲ್ಲಿ ನಾಲ್ಕು ಲೋಟಗಳಿದ್ದವು. ನಾಲ್ಕನೆಯದನ್ನು ಅವಳು ಯಾರ ಮುಖವನ್ನೂ ನೋಡದೆ ಯಂತ್ರದ ಪಕ್ಕದಲ್ಲಿಟ್ಟಳು.

"ಬಿಸಿ ಇದೆ. ನೋಡ್ಕೊಂಡು ಕುಡಿ."

ಚಿಗುಸಾ ಅಭ್ಯಾಸಬಲದಿಂದ ಬಲಗೈಯಲ್ಲೇ ತನ್ನ ಲೋಟ ಎತ್ತಿದಳು. ಮಣಿಕಟ್ಟು ನಡುಗಿತು, ಚಹಾ ತುಳುಕಿತು. ಮಸುಮಿ ತನ್ನ ಲೋಟವನ್ನು ಕೆಳಗಿಟ್ಟು, ಅವಳ ಲೋಟದ ತಳಕ್ಕೆ ತನ್ನ ಅಂಗೈ ಕೊಟ್ಟಳು. ಚಿಗುಸಾ ಕುಡಿದು ಮುಗಿಸುವವರೆಗೂ ಹಾಗೇ ಹಿಡಿದಿದ್ದಳು.